ಉಸಿರುಗಂಡಿಯ ಬಳಿ



ಕೈಯಾರೆ ದುಡಿದು ಬದುಕುವವರ ದಿನಚರಿಯ ಬಗ್ಗೆ ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಈ ಸಲ ನಾನು ಬಹು ದೂರದ ಒಬ್ಬ ದುಡಿಮೆಗಾರನನ್ನು ಆರಿಸಿಕೊಂಡಿದ್ದೇನೆ. ಕೆನಡಾದ ಉತ್ತರದಂಚಿನಲ್ಲಿ, ಹೆಪ್ಪುಗಟ್ಟಿದ ಕಡಲಿನ ಮೇಲೆ ಸೀಲ್ ಬೇಟೆಯಾಡಿ, ಮಂಜುಗಡ್ಡೆ ಮುಚ್ಚಿದ ಕೆರೆಯಲ್ಲಿ ಮೀನು ಹಿಡಿದು ಸಂಸಾರ ಸಾಗಿಸುವ ಇನ್ಯೂಟ್ ಬೇಟೆಗಾರ ಅವನು. ನಮ್ಮ ತಲೆಮಾರಿನವರು ಭೂಗೋಳದ ಪಾಠದಲ್ಲಿ ಎಸ್ಕಿಮೊ ಎಂದು ಓದಿದ್ದು ಇವರನ್ನೇ. ಆ ಪಾಠದಲ್ಲಿ ಒಂದು ಹಿಮದ ಮನೆ, ನಾಯಿಗಳು ಎಳೆಯುವ ಒಂದು ಜಾರುಬಂಡಿ, ತುಪ್ಪಳದ ಅಂಗಿ ತೊಟ್ಟ ನಗುಮುಖದ ಒಬ್ಬ ಮನುಷ್ಯ, ಇಷ್ಟಿದ್ದರೆ ಮುಗಿಯಿತು. ಆ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಾನೆ, ತಂದದ್ದನ್ನು ಯಾರಿಗೆ ಕೊಡುತ್ತಾನೆ ಎಂದು ಯಾರೂ ಹೇಳಲಿಲ್ಲ.

ಈ ಸಭೆಯಲ್ಲಿ ಮಾಂಸ ಮುಟ್ಟದವರು ಅನೇಕರಿದ್ದೀರಿ. ನಾನೂ ಮುಟ್ಟುವವನಲ್ಲ. ಹಾಗಿದ್ದೂ ಬೇಟೆಯ ವಿಷಯ ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಪ್ರಾಣಿಗಳ ಮೇಲಿನ ಮರುಕದಿಂದ ದೂರದ ಊರುಗಳಲ್ಲಿ ಕೂತವರು ಮಾಡಿದ ಒಂದು ತೀರ್ಮಾನ ಈ ಜನರ ಮನೆಗಳಿಗೆ ಬಡತನ ತಂದಿತು. ಯಾರ ಬದುಕಿನ ಬಗ್ಗೆ ತೀರ್ಪು ಕೊಡುತ್ತೇವೋ ಅವರ ಒಂದು ದಿನವನ್ನಾದರೂ ತಾಳ್ಮೆಯಿಂದ ನೋಡಿರಬೇಕು ಎಂದು ನಾನು ನಂಬಿದ್ದೇನೆ. ಹಾಗಾಗಿ ಇಂದಿನ ಮಾತಿನ ಹೆಚ್ಚು ಪಾಲು ಆ ಒಂದು ದಿನಕ್ಕೇ ಮೀಸಲು.

ಇಗ್ಲೂಲಿಕ್ ಎಂಬುದು ಒಂದು ಪುಟ್ಟ ದ್ವೀಪ; ಅದರ ಮೇಲಿನ ಊರಿಗೂ ಅದೇ ಹೆಸರು. ಮೆಲ್ವಿಲ್ ಪರ್ಯಾಯದ್ವೀಪದ ಪಕ್ಕದಲ್ಲಿ, ಫಾಕ್ಸ್ ಬೇಸಿನ್ ಎಂಬ ಕಡಲಿನ ಉತ್ತರ ಮೂಲೆಯಲ್ಲಿ, 69ನೆಯ ಅಕ್ಷಾಂಶದ ಮೇಲಿದೆ. ಸುಮಾರು 2000 ಜನ. ಆ ನೆಲದಲ್ಲಿ ಮನುಷ್ಯರು ನೆಲೆಸಿ ನಾಲ್ಕು ಸಾವಿರ ವರ್ಷಗಳಾಗಿವೆ ಎಂದು ಉತ್ಖನನಗಳು ಹೇಳುತ್ತವೆ. ನವೆಂಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಮತ್ತೆ ಮುಖ ತೋರುವುದು ಜನವರಿ ನಡುವಿನ ಹೊತ್ತಿಗೆ. 1822ರಲ್ಲಿ ಬ್ರಿಟಿಷ್ ನೌಕಾಪಡೆಯ ಪ್ಯಾರಿ ಎರಡು ಹಡಗು ತಂದು ಇಲ್ಲಿ ಚಳಿಗಾಲ ಕಳೆದ. ಇಲ್ಲಿಗೆ ಬರುವ ದಾರಿಯ ಕರಾವಳಿ ನಕ್ಷೆಯನ್ನು ಅವನಿಗೆ ಬಿಡಿಸಿಕೊಟ್ಟವಳು ಇಲಿಗ್ಲಿಯುಕ್ ಎಂಬ ಇನ್ಯೂಟ್ ಹೆಂಗಸು. ಇಂಗ್ಲೆಂಡಿನ ಅತ್ಯುತ್ತಮ ನಾವಿಕರ ಬಳಿ ಇಲ್ಲದ ನಕ್ಷೆ ಅವಳ ತಲೆಯಲ್ಲಿತ್ತು. ಮುಂದೆ ಡೆನ್ಮಾರ್ಕಿನ ಕ್ನುಡ್ ರಾಸ್ಮುಸೆನ್ 1921ರಿಂದ 1924ರವರೆಗಿನ ತನ್ನ ದೀರ್ಘ ಯಾತ್ರೆಯಲ್ಲಿ ಈ ಭಾಗದ ಜನರ ನಂಬಿಕೆಗಳನ್ನು ಬರೆದಿಟ್ಟ. 1986ರಿಂದೀಚೆಗೆ ಊರಿನ ಹಿರಿಯರೇ ತಮ್ಮ ನೆನಪುಗಳನ್ನು ತಮ್ಮ ಭಾಷೆಯಲ್ಲಿ ಧ್ವನಿಮುದ್ರಿಸತೊಡಗಿದರು. ನಾನು ಹೇಳುವುದರಲ್ಲಿ ಬಹುಪಾಲು ಅಂಥ ನೆನಪುಗಳ ಋಣ.

ಮೊದಲು ಮಂಜುಗಡ್ಡೆಯ ವಿಷಯ. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಮೈನಸ್ 1.8 ಡಿಗ್ರಿಯಷ್ಟು ಚಳಿ ಬೇಕು. ಹೊಸದಾಗಿ ಕಟ್ಟಿದ ಕಡಲಗಡ್ಡೆ ಕೆರೆಯ ಗಡ್ಡೆಯ ಹಾಗೆ ಗಾಜಿನಂತೆ ಒಡೆಯದೆ ಬಾಗುತ್ತದೆ, ಕಾಲಿನಡಿ ತೊನೆಯುತ್ತದೆ. ಬೇಟೆಗಾರ ಈಟಿಯ ಹಿಡಿಯಿಂದ ಮುಂದಿನ ಗಡ್ಡೆಗೆ ಗುದ್ದಿ ನೋಡುತ್ತಾನೆ. ಒಂದೇ ಏಟಿಗೆ ತೂತಾದರೆ ಅಲ್ಲಿ ಹೆಜ್ಜೆಯಿಡುವಂತಿಲ್ಲ. ದಡಕ್ಕೆ ಅಂಟಿಕೊಂಡ ಗಟ್ಟಿ ಗಡ್ಡೆ ಮುಗಿದು ತೆರೆದ ನೀರು ಶುರುವಾಗುವ ಅಂಚಿಗೆ ಅವರು ಸಿನಾ ಎನ್ನುತ್ತಾರೆ. ಸೀಲ್, ವಾಲ್ರಸ್, ಹಕ್ಕಿ ಎಲ್ಲ ಸೇರುವ ಸಮೃದ್ಧ ಜಾಗ ಅದು, ಅಷ್ಟೇ ಅಪಾಯದ್ದು. ದಡದ ಕಡೆಯಿಂದ ಗಾಳಿ ಬೀಸಿ, ಇಳಿತದ ಸೆಳೆತವೂ ಜೊತೆಗೂಡಿದರೆ ನಿಂತ ಗಡ್ಡೆಯೇ ಕಿತ್ತುಕೊಂಡು ಬೇಟೆಗಾರನನ್ನು ಹೊತ್ತು ಕಡಲಿಗೆ ಹೊರಟುಬಿಡುತ್ತದೆ. ಹಾಗೆ ತೇಲಿಹೋದವರ ಕಥೆ ಪ್ರತಿ ಊರಿನಲ್ಲೂ ಇದೆ. ಆದ್ದರಿಂದ ಬೆಳಗ್ಗೆ ಎದ್ದವನ ಮೊದಲ ಕೆಲಸ ಹೊರಗೆ ಬಂದು ಸುಮ್ಮನೆ ನಿಲ್ಲುವುದು. ಗಾಳಿ ಯಾವ ಕಡೆಯದು, ಚಂದ್ರ ಯಾವ ಹಂತದಲ್ಲಿದ್ದಾನೆ, ದೂರದ ಮೋಡದ ತಳ ಕಪ್ಪಗಿದೆಯೇ ಎಂದು ನೋಡುತ್ತಾನೆ. ಕಪ್ಪಗಿದ್ದರೆ ಅದರಡಿ ಬಯಲುನೀರು ಇದೆ ಎಂದರ್ಥ. ಎಷ್ಟೋ ದಿನ ಹೀಗೆ ನೋಡಿ ಒಳಗೆ ಹೋಗಿಬಿಡುತ್ತಾನೆ. ಹೊರಡದೆ ಉಳಿಯುವ ಆ ನಿರ್ಧಾರವನ್ನು ಅಲ್ಲಿ ಯಾರೂ ಸೋಮಾರಿತನ ಎನ್ನುವುದಿಲ್ಲ. ಒಳ್ಳೆಯ ಬೇಟೆಗಾರ ಯಾರು ಎಂದು ಕೇಳಿದರೆ ಹಿರಿಯರು ಮುಪ್ಪಿನವರೆಗೆ ಬದುಕಿ ಉಳಿದವನನ್ನು ತೋರಿಸುತ್ತಾರೆ.

ಗಾಳಿಗೆ ಹಿಮ ಗಟ್ಟಿಯಾಗಿ ನಾಲಿಗೆಯಾಕಾರದ ಏಣುಗಳಾಗುತ್ತದೆ. ಇಗ್ಲೂಲಿಕ್ ಸುತ್ತ ಇವನ್ನು ಕಡೆಯುವುದು ವಾಯವ್ಯದ ಗಾಳಿ, ಹಾಗಾಗಿ ಏಣುಗಳ ದಿಕ್ಕು ಬದಲಾಗುವುದು ಕಡಿಮೆ. ಆಕಾಶ ನೆಲ ಎರಡೂ ಬೆಳ್ಳಗಾಗಿ ಏನೂ ಕಾಣದಾದಾಗ ಬೇಟೆಗಾರ ಈ ಏಣುಗಳನ್ನು ಯಾವ ಓರೆಯಲ್ಲಿ ದಾಟುತ್ತಿದ್ದೇನೆ ಎಂಬುದನ್ನು ಕಾಲಿನಿಂದಲೇ ಅರಿತು ಮನೆ ಸೇರುತ್ತಾನೆ. ಕ್ಲಾಡಿಯೊ ಅಪೋರ್ಟಾ ಎಂಬ ಮಾನವಶಾಸ್ತ್ರಜ್ಞರು ಇಗ್ಲೂಲಿಕ್ ಬೇಟೆಗಾರರ ಜೊತೆ ಪಯಣಿಸಿ ಈ ವಿದ್ಯೆಯನ್ನೂ, ಪ್ರತಿ ಚಳಿಗಾಲ ಅಳಿಸಿಹೋಗಿ ಮತ್ತೆ ಅದೇ ಜಾಗದಲ್ಲಿ ಹುಟ್ಟುವ ಅವರ ದಾರಿಗಳನ್ನೂ ದಾಖಲಿಸಿದ್ದಾರೆ.

ಈಗ ಬೇಟೆ. ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ.

ಉಂಗುರ ಸೀಲ್ ಎಂಬುದು ಚಿಕ್ಕ ಜಾತಿಯ ಸೀಲ್, ಐವತ್ತರಿಂದ ಎಪ್ಪತ್ತು ಕಿಲೋ ತೂಗುತ್ತದೆ. ಕಡಲು ಹೆಪ್ಪುಗಟ್ಟಿದರೂ ಅದು ವಲಸೆ ಹೋಗುವುದಿಲ್ಲ. ಶರತ್ಕಾಲದಲ್ಲಿ ಗಡ್ಡೆ ತೆಳ್ಳಗಿರುವಾಗಲೇ ಉಸಿರಾಡಲು ತೂತು ಮಾಡಿಕೊಂಡು, ಗಡ್ಡೆ ದಪ್ಪವಾದ ಹಾಗೆಲ್ಲ ಮುಂಗಾಲಿನ ಉಗುರುಗಳಿಂದ ಕೆರೆದು ಕೆರೆದು ಅದನ್ನು ತೆರೆದಿಟ್ಟುಕೊಳ್ಳುತ್ತದೆ. ಗಡ್ಡೆ ಎರಡು ಮೀಟರ್ ದಪ್ಪವಾದಾಗಲೂ ಆ ಕೊಳವೆ ತೆರೆದೇ ಇರುತ್ತದೆ. ಮೇಲೆ ಹಿಮ ಮುಚ್ಚಿರುವುದರಿಂದ ಕಣ್ಣಿಗೆ ಕಾಣದು. ನಾಯಿಯ ಮೂಗಿಗೆ ಗೊತ್ತಾಗುತ್ತದೆ. ಒಂದೊಂದು ಸೀಲಿಗೆ ಇಂಥ ಗಂಡಿಗಳು ಹಲವು. ಯಾವ ಹೊತ್ತಿಗೆ ಯಾವುದಕ್ಕೆ ಬರುತ್ತದೋ ಹೇಳಲಾಗದು. ಅದಕ್ಕೇ ಹಿಂದೆ ಊರಿನ ಗಂಡಸರೆಲ್ಲ ಒಟ್ಟಿಗೆ ಹೋಗಿ, ಸುತ್ತಮುತ್ತಲ ಗಂಡಿಗಳ ಬಳಿ ಒಬ್ಬೊಬ್ಬರಾಗಿ ನಿಲ್ಲುತ್ತಿದ್ದರು. ಹತ್ತು ಜನ ಕಾದರೆ ಒಬ್ಬನಿಗೆ ಸಿಗುತ್ತಿತ್ತು.

ಕಾಯುವ ಬಗೆ ಹೀಗಿತ್ತು. ನಾಯಿಯನ್ನು ದೂರ ಕಳಿಸಿ, ಮೇಲಿನ ಹಿಮವನ್ನು ಎಚ್ಚರದಿಂದ ಸರಿಸಿ, ಬಾಗಿದ ತೆಳು ಸಲಾಕೆಯಿಂದ ಒಳಗೆ ತಡವಿ ಕೊಳವೆಯ ನಡುಭಾಗ ಎಲ್ಲಿದೆ, ಯಾವ ಕಡೆ ವಾಲಿದೆ ಎಂದು ಅಳೆದುಕೊಳ್ಳುತ್ತಾನೆ. ಈಟಿ ಬೀಳುವಾಗ ಅದು ಕಾಣಿಸುವುದಿಲ್ಲವಲ್ಲ, ಈಗಲೇ ಕೈಗೆ ನೆನಪಾಗಬೇಕು. ತೂತಿನ ಮೇಲೆ ಮತ್ತೆ ಹಿಮ ಮುಚ್ಚಿ, ದಂತದ ಒಂದು ತೆಳ್ಳನೆಯ ಕಡ್ಡಿಯನ್ನು ನೀರಿಗೆ ತಾಗುವ ಹಾಗೆ ಇಳಿಬಿಡುತ್ತಾನೆ. ಕೆಲವರು ಹಕ್ಕಿಯ ಮೆತ್ತನೆಯ ಗರಿಯನ್ನು ಗಂಡಿಯ ಬಾಯಿಗೆ ಸಿಕ್ಕಿಸುತ್ತಿದ್ದರು. ಕೆಳಗೆ ಸೀಲ್ ಬಂದರೆ ನೀರು ಉಬ್ಬಿ ಕಡ್ಡಿ ಅಲುಗುತ್ತದೆ, ಉಸಿರಿಗೆ ಗರಿ ನಡುಗುತ್ತದೆ. ಬೇಟೆಗಾರ ಒಂದು ತುಂಡು ತುಪ್ಪಳದ ಮೇಲೆ ನಿಲ್ಲುತ್ತಾನೆ. ಕಾಲು ಬೆಚ್ಚಗಿರಲಿ ಎನ್ನುವುದಕ್ಕಿಂತ ಹಿಮ ಕಿರುಗುಟ್ಟಬಾರದು ಎಂಬುದು ಮುಖ್ಯ, ನೀರಿನಡಿಯ ಕಿವಿಗೆ ಆ ಸದ್ದು ಕೇಳಿಸಿಬಿಡುತ್ತದೆ. ಸೊಂಟ ಬಗ್ಗಿಸಿ, ಕಣ್ಣನ್ನು ಕಡ್ಡಿಯ ಮೇಲೆ ನೆಟ್ಟು ನಿಲ್ಲಬೇಕು. ಕೆಮ್ಮುವಂತಿಲ್ಲ, ಕಾಲು ಬದಲಿಸುವಂತಿಲ್ಲ. ಮೈನಸ್ ಮೂವತ್ತು ಡಿಗ್ರಿಯಲ್ಲಿ ಹೀಗೆ ಗಂಟೆಗಟ್ಟಲೆ. ಇಗ್ಲೂಲಿಕ್‌ನ ಪಶ್ಚಿಮಕ್ಕಿರುವ ನೆಟ್ಸಿಲಿಕ್ ಎಂಬ ಇನ್ಯೂಟ್ ಪಂಗಡದ ಕೆಲವರು ಅರಿವಿಲ್ಲದೆ ಕಾಲು ಕದಲೀತೆಂದು ಎರಡೂ ಕಾಲುಗಳನ್ನು ತೊಗಲಿನ ದಾರದಿಂದ ಕಟ್ಟಿಕೊಳ್ಳುತ್ತಿದ್ದರು.

ಕಡ್ಡಿ ಅಲುಗಿತು ಅನ್ನಿ. ಅದು ಮೇಲೆದ್ದು ಮತ್ತೆ ಕೆಳಗಿಳಿಯುವ ಕ್ಷಣಕ್ಕೆ ಈಟಿ ನೇರವಾಗಿ ಇಳಿಯಬೇಕು. ಈ ಈಟಿಯ ಮೊನೆ ಹಿಡಿಯಿಂದ ಕಳಚಿಕೊಳ್ಳುವಂಥದ್ದು. ಒಳಗೆ ಹೊಕ್ಕ ಮೇಲೆ ಅಡ್ಡ ತಿರುಗಿ ಗುಂಡಿಯ ಹಾಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕಟ್ಟಿದ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಉಳಿ ಹಾಕಿ ಗಂಡಿಯನ್ನು ಅಗಲ ಮಾಡಿ ಸೀಲನ್ನು ಮೇಲೆಳೆಯುತ್ತಾನೆ. ನೆತ್ತರು ಚೆಲ್ಲದಿರಲೆಂದು ಗಾಯಕ್ಕೆ ಮೂಳೆಯ ಮೊಳೆ ಚುಚ್ಚಿ ಮುಚ್ಚುತ್ತಾನೆ. ಆಮೇಲೆ ಒಂದಿಷ್ಟು ಹಿಮ ಕರಗಿಸಿ, ಆ ಸಿಹಿನೀರನ್ನು ಸತ್ತ ಸೀಲಿನ ಬಾಯಿಗೆ ಬಿಡುತ್ತಾನೆ. ಬದುಕಿರುವಷ್ಟು ದಿನ ಉಪ್ಪುನೀರಿನಲ್ಲೇ ಇದ್ದ ಜೀವಕ್ಕೆ ಬಾಯಾರಿಕೆ ಇರುತ್ತದೆ; ಸಿಹಿನೀರು ಕೊಟ್ಟ ಮನೆಗೆ ಅದರ ಆತ್ಮ ಇನ್ನೊಂದು ದೇಹ ಹೊತ್ತು ಮರಳಿ ಬರುತ್ತದೆ ಎಂಬುದು ನಂಬಿಕೆ. ತಾವು ತಿನ್ನುವುದೆಲ್ಲ ಆತ್ಮವಿರುವ ಜೀವಗಳನ್ನೇ, ಅವಕ್ಕೆ ಅಗೌರವ ತೋರಿದರೆ ಉಳಿವಿಲ್ಲ ಎಂಬ ಭಯ ಅವರ ಧರ್ಮದ ತಳಹದಿಯಾಗಿತ್ತು. ಕಡಲ ತಳದಲ್ಲಿ ನೂಲಿಯಾಯುಕ್ ಎಂಬ ತಾಯಿ ಇದ್ದಾಳೆ, ಸೀಲ್ ವಾಲ್ರಸ್‌ಗಳೆಲ್ಲ ಅವಳ ಕಡಿದ ಬೆರಳುಗಳಿಂದ ಹುಟ್ಟಿದವು. ಜನ ನೇಮ ತಪ್ಪಿದಾಗ ಅವಳ ಕೂದಲು ಸಿಕ್ಕುಗಟ್ಟಿ ಪ್ರಾಣಿಗಳು ಅದರಲ್ಲಿ ಸೆರೆಯಾಗುತ್ತವೆ, ಮಂತ್ರವಾದಿ ಇಳಿದುಹೋಗಿ ಅವಳ ತಲೆ ಬಾಚಿಬರಬೇಕು ಎಂಬ ಕಥೆಯೂ ಈ ಭಯದಿಂದಲೇ ಬಂದದ್ದು. ಕ್ರೈಸ್ತಧರ್ಮ ಬಂದ ಮೇಲೆ ಆಚರಣೆಗಳು ಸವೆದವು. ಪ್ರಾಣಿಯನ್ನು ಹಂಗಿಸಬಾರದು, ಬೇಟೆಯ ಬಗ್ಗೆ ಜಂಬ ಕೊಚ್ಚಬಾರದು, ಸಿಕ್ಕಿದ್ದನ್ನು ಹಾಳುಮಾಡಬಾರದು ಎಂಬ ಮೂರು ಮಾತು ಇಂದಿಗೂ ಮಕ್ಕಳಿಗೆ ಹೇಳಿಕೊಡುವಂಥವು.

ಇಂದು ಬಂದೂಕಿದೆ, ವಸಂತದಲ್ಲಿ ಗಡ್ಡೆಯ ಮೇಲೆ ಬಿಸಿಲು ಕಾಯಿಸುವ ಸೀಲನ್ನು ಬಿಳಿಬಟ್ಟೆಯ ಮರೆಯಲ್ಲಿ ತೆವಳಿಕೊಂಡು ಹೋಗಿ ಹೊಡೆಯುತ್ತಾರೆ. ಆದರೂ ಉಸಿರುಗಂಡಿಯ ಬಳಿ ಕಾಯುವುದನ್ನು ಅಪ್ಪಂದಿರು ಮಕ್ಕಳಿಗೆ ಇನ್ನೂ ಕಲಿಸುತ್ತಾರೆ.

ಸೀಲ್ ಮನೆಗೆ ಬಂದ ಮೇಲೆ ಅದರ ಒಡೆತನ ಹೆಂಗಸಿನದು. ಉಲು ಎಂಬ ಅರ್ಧಚಂದ್ರದ ಕತ್ತಿಯಿಂದ ಅವಳು ತೊಗಲನ್ನೂ ಅದರಡಿಯ ಕೊಬ್ಬನ್ನೂ ಬೇರೆ ಮಾಡುತ್ತಾಳೆ. ಕೊಬ್ಬಿನ ಎಣ್ಣೆ ಕುಲ್ಲಿಕ್ ಎಂಬ ದೀಪಕ್ಕೆ. ಈ ದೀಪವನ್ನು ಕಡೆದಿರುವುದು ಬಳಪದ ಕಲ್ಲಿನಲ್ಲಿ. ಬೇಲೂರು ಹಳೇಬೀಡಿನ ಶಿಲ್ಪಿಗಳು ಉಳಿ ಹಿಡಿದದ್ದೂ ಇದೇ ಬಗೆಯ ಮೆತ್ತನೆಯ ಕಲ್ಲಿಗೆ. ಅಂಚಿನುದ್ದಕ್ಕೂ ಪಾಚಿಯ ಪುಡಿಯ ಬತ್ತಿ, ಅದರ ಮೇಲೆ ಒಂದು ಗೆರೆಯಂಥ ಉರಿ. ಹೊಗೆಯಾಡದಂತೆ, ಆರದಂತೆ ಆ ಉರಿಯನ್ನು ಸಮನಾಗಿಡುವುದು ವರ್ಷಗಟ್ಟಲೆ ಕಲಿಯಬೇಕಾದ ಕೆಲಸ. ಮರವೇ ಬೆಳೆಯದ ನಾಡಿನಲ್ಲಿ ಬೆಳಕು, ಬಿಸಿ, ಕುಡಿಯುವ ನೀರು, ಬಟ್ಟೆ ಒಣಗುವುದು ಎಲ್ಲವೂ ಅದರಿಂದಲೇ. ಗಂಡಸು ಸೀಲ್ ತರದಿದ್ದರೆ ಮನೆ ಕತ್ತಲಾಗುತ್ತಿತ್ತು. ಹೆಂಗಸು ಹೊಲಿಯದಿದ್ದರೆ ಗಂಡಸು ಹೊರಗೆ ಕಾಲಿಡುವಂತೆಯೇ ಇರಲಿಲ್ಲ. ಶರತ್ಕಾಲದ ಕ್ಯಾರಿಬೂ ಜಿಂಕೆಯ ತೊಗಲಿನ ಎರಡು ಪದರ, ಒಳಗಿನದಕ್ಕೆ ಕೂದಲು ಮೈಯ ಕಡೆ, ಹೊರಗಿನದಕ್ಕೆ ಕೂದಲು ಹೊರಗಡೆ. ಸೀಲ್ ತೊಗಲಿನ ಬೂಟಿಗೆ ನೀರು ಜಿನುಗದ ಹೊಲಿಗೆ. ಬೇಟೆಗಾರನ ಬಗ್ಗೆ ಪುಸ್ತಕ ಬರೆದವರು ಅನೇಕರು, ಅವನ ಜೀವ ಉಳಿಸಿದ ಈ ಸೂಜಿಯ ಬಗ್ಗೆ ಬರೆದವರು ಕಡಿಮೆ. ಇಗ್ಲೂಲಿಕ್ ಈಗ ಸೇರಿರುವ ನುನಾವುಟ್ ಪ್ರದೇಶ 1999ರ ಏಪ್ರಿಲ್ 1ರಂದು ಹುಟ್ಟಿದಾಗ ಅದರ ಲಾಂಛನದಲ್ಲಿ ಕುಲ್ಲಿಕ್ ದೀಪಕ್ಕೆ ಜಾಗ ಸಿಕ್ಕಿತು. ಅದು ಸರಿಯಾದ ಗೌರವ.

ಇನ್ನು ಹಂಚಿಕೆ. ನನ್ನನ್ನು ಈ ವಿಷಯಕ್ಕೆ ಎಳೆದುತಂದದ್ದು ಇದೇ. ಆ ನೆಟ್ಸಿಲಿಕ್ ಜನರ ನಡುವೆ 1960ರ ದಶಕದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಆಸೆನ್ ಬಾಲಿಕ್ಸಿ ಅದನ್ನು ವಿವರವಾಗಿ ಬರೆದಿದ್ದಾರೆ. ಗಂಡುಮಗು ಹುಟ್ಟಿದ ಸ್ವಲ್ಪ ಕಾಲಕ್ಕೇ ತಾಯಿ ಅವನಿಗೆ ಪಾಲುದಾರರನ್ನು ಗೊತ್ತು ಮಾಡುತ್ತಾಳೆ, ಹತ್ತಕ್ಕೂ ಹೆಚ್ಚು ಜನರನ್ನು. ಹತ್ತಿರದ ಬಂಧುಗಳು ಇದರಲ್ಲಿ ಬರುವಂತಿಲ್ಲ, ಅವರಿಗೆ ಹೇಗೂ ಸಿಗುತ್ತದಲ್ಲ. ಮುಂದೆ ಆ ಹುಡುಗ ಬೇಟೆಗಾರನಾಗಿ ಸೀಲ್ ತಂದಾಗ ಒಬ್ಬೊಬ್ಬ ಪಾಲುದಾರನಿಗೆ ಒಂದೊಂದು ನಿಶ್ಚಿತ ಭಾಗ ಹೋಗುತ್ತದೆ. ಒಬ್ಬನಿಗೆ ಹಿಂದಿನ ತೊಡೆ, ಇನ್ನೊಬ್ಬನಿಗೆ ಕುತ್ತಿಗೆ, ಮತ್ತೊಬ್ಬನಿಗೆ ತಲೆ. ಅವನು ತಂದಾಗಲೂ ಅದೇ ಭಾಗ ಇವನಿಗೆ ಬರುತ್ತದೆ. ಇಬ್ಬರೂ ಜೀವಮಾನವಿಡೀ ಒಬ್ಬರನ್ನೊಬ್ಬರು ಹೆಸರು ಹಿಡಿಯದೆ, ಆ ಭಾಗದ ಹೆಸರಿನಿಂದಲೇ ಕರೆಯುತ್ತಾರೆ. ಹತ್ತು ಜನ ಕಾದು ಒಬ್ಬನಿಗೆ ಸಿಕ್ಕುವ ಬೇಟೆಯಲ್ಲಿ ಇಂಥ ಏರ್ಪಾಡಿಲ್ಲದೆ ಯಾರೂ ಒಂದು ಚಳಿಗಾಲ ದಾಟಲಾರರು. ದಾನ ಕೊಟ್ಟವನ ಹಿರಿಮೆ, ಪಡೆದವನ ಸಂಕೋಚ ಎರಡಕ್ಕೂ ಇಲ್ಲಿ ಎಡೆಯಿಲ್ಲ. ಇಂದು ಆ ಕಟ್ಟುನಿಟ್ಟಿನ ಭಾಗಗಳು ಉಳಿದಿಲ್ಲ. ಆದರೆ ಊರಿನ ರೇಡಿಯೊದಲ್ಲಿ ಇಂಥವರ ಮನೆಗೆ ಮಾಂಸ ಬಂದಿದೆ, ಬೇಕಾದವರು ಬಂದು ಒಯ್ಯಿರಿ ಎಂಬ ಪ್ರಕಟಣೆ ಕೇಳಿಬರುತ್ತದೆ. ಯಾರೂ ತೂಕ ಮಾಡುವುದಿಲ್ಲ. ಮೊದಲ ಬೇಟೆ ತಂದ ಹುಡುಗ ಅದನ್ನು ಪೂರ್ತಿ ಹಂಚಿಬಿಡಬೇಕು, ಹೆಸರಿಟ್ಟ ಅಜ್ಜಿಗೆ ಮೊದಲು.

ಮೀನಿನ ಮಾತು. ಆರ್ಕ್ಟಿಕ್ ಚಾರ್ ಎಂಬುದು ಸಾಲ್ಮನ್ ಕುಲದ, ಕೆಂಬಣ್ಣದ ಮಾಂಸದ ಮೀನು. ಬೇಸಿಗೆಗೆ ಕಡಲಿಗಿಳಿದು ಕೊಬ್ಬಿ, ಆಗಸ್ಟ್ ಹೊತ್ತಿಗೆ ಹೊಳೆ ಹತ್ತಿ ಕೆರೆ ಸೇರಿ ಅಲ್ಲೇ ಗಡ್ಡೆಯಡಿ ಚಳಿಗಾಲ ಕಳೆಯುತ್ತದೆ. ಹೊಳೆಗೆ ಅಡ್ಡಲಾಗಿ ಕಲ್ಲು ಪೇರಿಸಿ ಕಟ್ಟೆ ಕಟ್ಟಿ, ಹತ್ತಿಬಂದ ಮೀನು ಅದರೊಳಗೆ ಸಿಕ್ಕ ಮೇಲೆ ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಕೊರೆಯುವ ನೀರಿಗಿಳಿದು ಕಾಕಿವಾಕ್ ಎಂಬ ಮೂರು ಮೊನೆಯ ಭರ್ಜಿಯಿಂದ ಹಿಡಿಯುತ್ತಿದ್ದರು. ನಡುವಿನ ಮೊನೆ ಚುಚ್ಚುತ್ತದೆ, ಇಕ್ಕೆಲದ ಬಾಗುವ ತೋಳುಗಳು ಮೀನನ್ನು ತಬ್ಬಿ ಹಿಡಿಯುತ್ತವೆ. ಚಳಿಗಾಲದಲ್ಲಿ ಕೆರೆಯ ಗಡ್ಡೆಗೆ ತೂತು ಕೊರೆದು, ಮೊಣಕಾಲೂರಿ, ಬೆಳಕು ಬೀಳದಂತೆ ತಲೆಗೆ ಮುಸುಕು ಹಾಕಿ ಒಳಗೆ ಇಣುಕಬೇಕು. ಒಂದು ಕೈಯಲ್ಲಿ ದಂತದಲ್ಲಿ ಕೆತ್ತಿದ ಪುಟ್ಟ ಹುಸಿಮೀನು, ಅದನ್ನು ಎಳೆದು ಬಿಟ್ಟು ಕುಣಿಸುತ್ತಿರಬೇಕು. ಇನ್ನೊಂದು ಕೈಯಲ್ಲಿ ಭರ್ಜಿ. ತೂತು ಮತ್ತೆ ಮತ್ತೆ ಹೆಪ್ಪುಗಟ್ಟುತ್ತದೆ, ಸೌಟಿನಿಂದ ಅದನ್ನು ಬಳಿದು ತೆಗೆಯುತ್ತಿರಬೇಕು. ಈಗ ಹೆಚ್ಚಿನವರು ಗಡ್ಡೆಯಡಿ ಬಲೆ ಬಿಡುತ್ತಾರೆ, ಇಲ್ಲವೇ ಗಾಳ ಹಾಕುತ್ತಾರೆ. ಮೇ ತಿಂಗಳ ಬೆಳಕಿನಲ್ಲಿ ಇಡೀ ಕುಟುಂಬ ಕೆರೆಯ ಬಳಿ ಗುಡಾರ ಹೊಡೆದು ದಿನಗಟ್ಟಲೆ ಇರುತ್ತದೆ. ಸೀಳಿ, ಅಡ್ಡಡ್ಡ ಗೀರು ಹಾಕಿ, ಬಾಲದಿಂದ ತೂಗುಹಾಕಿ ಒಣಗಿಸಿದ ಮೀನು ಮಕ್ಕಳಿಗೆ ಬಲು ಇಷ್ಟ.

ಇಂಥ ಬದುಕಿಗೆ 1950ರ ದಶಕದಿಂದ ಏಟಿನ ಮೇಲೆ ಏಟು ಬಿತ್ತು. ಶಾಲೆ, ಆಸ್ಪತ್ರೆ, ಭತ್ಯೆಯ ಹೆಸರಿನಲ್ಲಿ ಚದುರಿದ್ದ ಬಿಡಾರಗಳನ್ನು ಊರುಗಳಿಗೆ ತಂದರು. ಬಂಡಿ ಎಳೆಯುತ್ತಿದ್ದ ನಾಯಿಗಳಲ್ಲಿ ಸಾವಿರಾರನ್ನು ಪೊಲೀಸರು ಮತ್ತು ಅಧಿಕಾರಿಗಳು ಗುಂಡಿಟ್ಟು ಕೊಂದರು. ಈ ಭಾಗದ ಕಿಕಿಕ್ತಾನಿ ಸತ್ಯ ಆಯೋಗ 2010ರಲ್ಲಿ ಇದನ್ನೆಲ್ಲ ದಾಖಲಿಸಿತು, ಕೆನಡಾ ಸರ್ಕಾರ 2019ರಲ್ಲಿ ಕ್ಷಮೆ ಕೇಳಿತು. ನಾಯಿ ಹೋದ ಜಾಗಕ್ಕೆ ಸ್ನೋಮೊಬೈಲ್ ಬಂತು. ನಾಯಿ ಸೀಲ್ ಮಾಂಸ ತಿಂದು ದುಡಿಯುತ್ತದೆ. ಯಂತ್ರಕ್ಕೆ ಪೆಟ್ರೋಲು ಬೇಕು, ಪೆಟ್ರೋಲಿಗೆ ರೊಕ್ಕ ಬೇಕು. ಆ ರೊಕ್ಕ ಬರುತ್ತಿದ್ದದ್ದು ಸೀಲ್ ತೊಗಲು ಮಾರಿ. ಮಾಂಸ ಹಂಚಿ ತಿಂದ ಮೇಲೆ ಉಳಿಯುವ ತೊಗಲು ಮುಂದಿನ ಬೇಟೆಯ ಖರ್ಚಿಗಾಗುತ್ತಿತ್ತು. ಯಾರ ಕೈಕೆಳಗೂ ದುಡಿಯದೆ ಮರ್ಯಾದೆಯಿಂದ ಬದುಕಲು ಅಷ್ಟು ಸಾಕಾಗಿತ್ತು.

ಅದೇ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮೈಲಿ ದಕ್ಷಿಣದಲ್ಲಿ, ನ್ಯೂಫೌಂಡ್‌ಲೆಂಡ್ ಕಡೆಯ ಕಡಲಲ್ಲಿ, ಹಾರ್ಪ್ ಸೀಲ್‌ಗಳ ಬಿಳಿ ಮರಿಗಳನ್ನು ಬಡಿದು ಕೊಲ್ಲುವ ಚಿತ್ರಗಳು ಜಗತ್ತಿಗೆಲ್ಲ ಹರಡಿದವು. ನೋಡಿದರೆ ಯಾರಿಗಾದರೂ ಕರುಳು ಕಿವುಚುವಂಥವು. 1983ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಮರಿಗಳ ತೊಗಲಿನ ಆಮದನ್ನು ನಿಷೇಧಿಸಿತು. ಇನ್ಯೂಟರು ಬೇಟೆಯಾಡುವುದು ಉಂಗುರ ಸೀಲನ್ನು, ಆ ಬಿಳಿ ಮರಿಗಳನ್ನಲ್ಲ. ಆದರೆ ಪೇಟೆಗೆ ಈ ಭೇದ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಗರಜೂ ಇರಲಿಲ್ಲ. ಸೀಲ್ ಎಂದರೆ ಸೀಲ್. ತೊಗಲಿನ ಬೆಲೆ ನೆಲಕಚ್ಚಿತು. ಬ್ಯಾಫಿನ್ ದ್ವೀಪದ ಕ್ಲೈಡ್ ರಿವರ್ ಊರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಸಂಶೋಧಕ ಜಾರ್ಜ್ ವೆಂಜೆಲ್ ಈ ಕುಸಿತವನ್ನು 1991ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. 2009ರಲ್ಲಿ ಯುರೋಪು ಎಲ್ಲ ಸೀಲ್ ಉತ್ಪನ್ನಗಳನ್ನೂ ನಿಷೇಧಿಸಿದಾಗ ಇನ್ಯೂಟರಿಗೆ ವಿನಾಯಿತಿ ಕೊಟ್ಟಿತು. ಕಾಗದದ ಮೇಲೆ ವಿನಾಯಿತಿ ಇತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. 2014ರಲ್ಲಿ ಗ್ರೀನ್‌ಪೀಸ್‌ನ ಕೆನಡಾ ಶಾಖೆ ಸೀಲ್ ಬೇಟೆಯ ವಿರುದ್ಧದ ತನ್ನ ಹಳೆಯ ಪ್ರಚಾರದಿಂದ ಇನ್ಯೂಟರಿಗಾದ ಹಾನಿಗೆ ಕ್ಷಮೆ ಕೇಳಿತು. 2016ರಲ್ಲಿ ಅಲೆಥಿಯಾ ಅರ್ನಾಕುಕ್-ಬ್ಯಾರಿಲ್ ಎಂಬ ಇನ್ಯೂಟ್ ನಿರ್ದೇಶಕಿ ತನ್ನ ಜನರ ಸಿಟ್ಟನ್ನು ಒಂದು ಸಾಕ್ಷ್ಯಚಿತ್ರವಾಗಿಸಿದರು. ತಣ್ಣನೆಯ ದನಿಯಲ್ಲಿ ಮಾತಾಡುವ ಜನರ ಸಿಟ್ಟು ದೂರದವರಿಗೆ ಕೇಳಿಸುವುದೇ ಇಲ್ಲ ಎಂಬುದು ಅದರ ಅಳಲು.

ಸಸ್ಯಾಹಾರಿಯಾಗಿ ನಾನು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರೆ. ಜೋಳವಾಗಲಿ ಬೇಳೆಯಾಗಲಿ ಬೆಳೆಯದ ನೆಲ ಅದು. ಅಲ್ಲಿ ಸೊಪ್ಪು ತಿನ್ನಬೇಕಾದರೆ ವಿಮಾನದಲ್ಲಿ ಬರಬೇಕು, ಅದರ ಬೆಲೆ ಬೇಟೆಗಾರನ ಕೈಗೆಟುಕದು. 2007–08ರಲ್ಲಿ ನಡೆದ ಇನ್ಯೂಟ್ ಆರೋಗ್ಯ ಸಮೀಕ್ಷೆಯ ಪ್ರಕಾರ ನುನಾವುಟ್‌ನ ಹತ್ತು ಮನೆಗಳಲ್ಲಿ ಸುಮಾರು ಏಳಕ್ಕೆ ಊಟದ ಖಾತ್ರಿ ಇರಲಿಲ್ಲ. ಹಸಿ ಮಾಂಸದಲ್ಲಿ, ತಿಮಿಂಗಿಲದ ತೊಗಲಿನಲ್ಲಿ ಸಿ ಜೀವಸತ್ವ ಇದೆ. ಹಣ್ಣು ಕಾಣದ ಈ ಜನಕ್ಕೆ ಸ್ಕರ್ವಿ ಬರದಿದ್ದದ್ದು ಅದರಿಂದ. ನನ್ನ ಅಹಿಂಸೆಗೆ ಆಧಾರ ನನ್ನ ಹೊಲ. ಆ ಹೊಲವಿಲ್ಲದವನಿಗೆ ನನ್ನ ವ್ರತವನ್ನು ಹೇಳುವ ಹಕ್ಕು ನನಗಿಲ್ಲ ಎಂದು ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಈಗಿನ ದೊಡ್ಡ ಚಿಂತೆ ಗಡ್ಡೆಯದು. ಕಡಲು ಹೆಪ್ಪುಗಟ್ಟುವುದು ತಡವಾಗುತ್ತಿದೆ, ಬಿರಿಯುವುದು ಬೇಗನಾಗುತ್ತಿದೆ. ಅಜ್ಜ ತೋರಿಸಿದ ದಾರಿಯಲ್ಲಿ ಹೋದ ಮೊಮ್ಮಗ ನೀರಿಗೆ ಬೀಳುತ್ತಾನೆ. ಶೀಲಾ ವಾಟ್-ಕ್ಲೂಟಿಯರ್ ಎಂಬ ಇನ್ಯೂಟ್ ಮುಖಂಡರು 2005ರಲ್ಲೇ ಹವಾಮಾನ ಬದಲಾವಣೆ ತಮ್ಮ ಮಾನವಹಕ್ಕುಗಳ ಉಲ್ಲಂಘನೆ ಎಂದು ಅಮೆರಿಕ ಖಂಡಗಳ ಮಾನವಹಕ್ಕು ಆಯೋಗಕ್ಕೆ ಅರ್ಜಿ ಹಾಕಿದ್ದರು. ಆಯೋಗ ಅದನ್ನು ಮುಂದಕ್ಕೆ ತೆಗೆದುಕೊಳ್ಳಲಿಲ್ಲ. ಜನ ಕೈಕಟ್ಟಿ ಕೂತಿಲ್ಲ. ಸ್ಮಾರ್ಟ್‌ಐಸ್ ಎಂಬ ಯೋಜನೆಯಲ್ಲಿ ಸ್ನೋಮೊಬೈಲ್ ಹಿಂದೆ ಎಳೆಯುವ ಸಾಧನದಿಂದ ಗಡ್ಡೆಯ ದಪ್ಪ ಅಳೆದು ಊರಿಗೆ ತಿಳಿಸುತ್ತಾರೆ. ಸಿಕು ಎಂಬ ಮೊಬೈಲ್ ಆ್ಯಪ್‌ನಲ್ಲಿ ಬೇಟೆಗಾರರು ತಾವು ಕಂಡ ಬಿರುಕು, ತೆಳುಗಡ್ಡೆಗಳನ್ನು ತಮ್ಮ ಭಾಷೆಯ ಪದಗಳಲ್ಲೇ ಗುರುತಿಸುತ್ತಾರೆ. ಇಗ್ಲೂಲಿಕ್ ಊರು 1970ರ ದಶಕದಲ್ಲಿ ಎರಡು ಸಲ ಮತ ಹಾಕಿ ದೂರದರ್ಶನ ಬೇಡವೆಂದಿತ್ತು, ತಮ್ಮ ಭಾಷೆಯ ಕಾರ್ಯಕ್ರಮಗಳು ಬಂದ ಮೇಲೆ ಒಪ್ಪಿಕೊಂಡಿತು. ಅದೇ ಊರಿನ ಜಕಾರಿಯಾಸ್ ಕುನುಕ್ 2001ರಲ್ಲಿ ಇನುಕ್ಟಿಟುಟ್ ಭಾಷೆಯಲ್ಲಿ ತೆಗೆದ ಅಟನಾರ್ಜುವಾಟ್ ಚಿತ್ರಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಹೊಸದನ್ನು ತಮ್ಮ ಶರತ್ತಿನ ಮೇಲೆ ತೆಗೆದುಕೊಳ್ಳುವುದು ಈ ಜನಕ್ಕೆ ಗೊತ್ತು.

ಕೊನೆಯದಾಗಿ ನನಗೆ ಬಹಳ ಮಹತ್ವದ್ದೆನಿಸಿದ ಒಂದು ಬೆಳವಣಿಗೆ. ಇಗ್ಲೂಲಿಕ್‌ನಿಂದ ಉತ್ತರಕ್ಕಿರುವ ಆರ್ಕ್ಟಿಕ್ ಬೇ ಎಂಬ ಊರಿನಲ್ಲಿ 2018ರಿಂದ ಕಿಕಿಕ್ತಾನಿ ಇನ್ಯೂಟ್ ಸಂಘ ಬೇಟೆಗಾರರನ್ನು ಸಂಬಳದ ಮೇಲೆ ನೇಮಿಸಿದೆ. ಅವರನ್ನು ನೌತ್ತಿಕ್ಸುಕ್ತೀತ್ ಎನ್ನುತ್ತಾರೆ, ಕಡಲನ್ನು ನೋಡಿಕೊಳ್ಳುವವರು. ಗಡ್ಡೆಯನ್ನೂ ಪ್ರಾಣಿಗಳನ್ನೂ ಗಮನಿಸಿ ದಾಖಲಿಸುವುದು, ಕಿರಿಯರಿಗೆ ವಿದ್ಯೆ ಕಲಿಸುವುದು, ಬೇಟೆಯಾಡಿ ತಂದ ಮಾಂಸವನ್ನು ಊರಿಗೆ ಹಂಚುವುದು ಅವರ ಕೆಲಸ. ತೊಗಲಿನ ಪೇಟೆ ಮುಚ್ಚಿದ ಮೇಲೆ ಬೇಟೆಗಾರ ನಿರುದ್ಯೋಗಿ ಎಂದು ಸರ್ಕಾರಿ ಕಾಗದಗಳಲ್ಲಿ ನಮೂದಾಗುತ್ತಿದ್ದ. ಈಗ ಅದೇ ದುಡಿಮೆಗೆ ಒಂದು ಹುದ್ದೆ, ತಿಂಗಳ ಸಂಬಳ, ಒಂದು ದೋಣಿ ಸಿಕ್ಕಿದೆ. ಇಂಥ ನೇಮಕಗಳು ಕೆಲವೇ ಊರುಗಳಲ್ಲಿ ಆಗಿವೆ, ಎಲ್ಲ ಊರುಗಳಿಗೂ ಆಗಬೇಕು. ಇದಕ್ಕೆ ಬೇಕಾದ ಹಣ ಪರದೇಶದ ತುಪ್ಪಳದ ಪೇಟೆಯಿಂದ ಬರಬೇಕಿಲ್ಲ, ಆ ಕಡಲನ್ನು ತನ್ನದೆಂದು ಹೇಳಿಕೊಳ್ಳುವ ಕೆನಡಾ ಸರ್ಕಾರದ ಬೊಕ್ಕಸದಿಂದಲೇ ಬರಬೇಕು.